ಪೆಟ್ಟಿಗೆಯಲ್ಲಿ ಸಿಕ್ಕ ಹಳೇ ನಾಣ್ಯ, ನೋಟು: ಚಿನ್ನದಂಗಡಿಗಾ, ವ್ಯಾಪಾರಿಗಾ, ಹರಾಜಿಗಾ?

ಮಳೆಗಾಲ ಮುಗಿದು ಜನ ಅಟ್ಟ ಗುಡಿಸುವ ಹೊತ್ತಿಗೆ ನನಗೆ ಫೋನು ಶುರುವಾಗುತ್ತದೆ. ಹೋದ ಸಲ ಹೊಸನಗರ ಕಡೆಯ ಒಬ್ಬ ಅಕ್ಕ ಮಾಡಿದ್ದರು. ತೀರಿಕೊಂಡ ಅತ್ತೆಯ ಮರದ ಪೆಟ್ಟಿಗೆ ತೆಗೆದರಂತೆ. ಅಡಿಯಲ್ಲಿ ಕೆಂಪು ಬಟ್ಟೆಯ ಗಂಟು. ಅದರಲ್ಲಿ 36 ಬೆಳ್ಳಿ ರೂಪಾಯಿ, ಒಂದು ಹಿಡಿ ತಾಮ್ರದ ಕಾಸು. ಹಳೇ ಪಂಚಾಂಗದ ಹಾಳೆಗಳ ನಡುವೆ ನಾಲ್ಕು ನೋಟು. ಮೈದುನ "ಶಿವಮೊಗ್ಗಕ್ಕೆ ಹೋದಾಗ ಚಿನ್ನದಂಗಡಿಗೆ ಹಾಕಿಬಿಡಿ" ಅಂದರು. ಮಗ ಮೊಬೈಲ್ ನೋಡಿಕೊಂಡು "ಲಕ್ಷಗಟ್ಟಲೆ ಬರುತ್ತೆ, ಆನ್‌ಲೈನ್‌ನಲ್ಲಿ ಹಾಕೋಣ" ಅಂದ. ಪಕ್ಕದ ಮನೆಯವರು ಬೆಂಗಳೂರಿನ ಹರಾಜಿನ ಸುದ್ದಿ ತೆಗೆದರು. ಅಕ್ಕನಿಗೆ ತಲೆಕೆಟ್ಟು ನನಗೆ ಫೋನ್ ಮಾಡಿದರು.

ಅಡಿಕೆ ಮಾರಿ ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಅಡಿಕೆ ಗೊನೆ ಮರದಲ್ಲಿರುವಾಗಲೇ ತೋಟ ಚೇಣಿಗೆ, ಅಂದರೆ ಇಡೀ ಫಸಲನ್ನು ಗುತ್ತಿಗೆಗೆ, ಕೊಡಬಹುದು. ದುಡ್ಡು ಕೈಗೆ ಬರುತ್ತದೆ, ತಲೆಬಿಸಿ ಇಲ್ಲ, ಆದರೆ ಲಾಭ ಚೇಣಿದಾರನದು. ಸುಲಿದು, ಬೇಯಿಸಿ, ಒಣಗಿಸಿ, ಆರಿಸಿ ಮಂಡಿಗೆ ಹಾಕಬಹುದು. ಅಥವಾ ರೇಟು ಏರಲಿ ಅಂತ ಮನೆಯಲ್ಲೇ ಇಡಬಹುದು. ನಾಣ್ಯದ ಕತೆಯೂ ಇಷ್ಟೇ. ಒಂದೇ ತೋಟದ ಅಡಿಕೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಮಾಡುತ್ತೇವಲ್ಲ, ಹಾಗೆ ಗಂಟನ್ನೂ ಬೇರೆ ಮಾಡಬೇಕು. ಇಡೀ ಗಂಟಿಗೆ ಒಂದೇ ದಾರಿ ಹುಡುಕುವುದೇ ಮೊದಲ ತಪ್ಪು.

ಮೊದಲು ಏನೇನು ನೋಡಬೇಕು

ನಾನು ಯಾರಿಗಾದರೂ ಹೇಳುವ ಮೊದಲು ಐದು ವಿಷಯ ಕೇಳುತ್ತೇನೆ. ಲೋಹದ ಬೆಲೆಯ ಮೇಲೆ ಈ ವಸ್ತುವಿಗೆ ಬೇರೆ ಬೆಲೆ ಇದೆಯಾ? ದುಡ್ಡು ಯಾವಾಗ ಬೇಕು? ಕಮಿಷನ್, ಬಸ್ಸು, ಪಾರ್ಸೆಲ್ ಖರ್ಚು ಕಳೆದರೆ ಕೈಗೆ ಉಳಿಯುವುದೆಷ್ಟು? ಮೋಸದ ಭಯ ಎಷ್ಟು? ಐದನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಈ ಪೆಟ್ಟಿಗೆಯಲ್ಲಿ ಪಾಲು ಯಾರ್ಯಾರದು? ನಾಲ್ಕು ಜನ ಅಣ್ಣತಮ್ಮಂದಿರಿದ್ದರೆ, ಜಾಸ್ತಿ ದುಡ್ಡು ಕೊಡುವ ಜಾಗಕ್ಕಿಂತ ಬರಹದಲ್ಲಿ ಲೆಕ್ಕ ಕೊಡುವ ಜಾಗವೇ ಒಳ್ಳೆಯದು. "ಅವನು ಎಷ್ಟಕ್ಕೆ ಮಾರಿದನೋ ಏನೋ" ಅನ್ನುವ ಮಾತು ಹತ್ತು ವರ್ಷ ಉಳಿಯುತ್ತದೆ.

ಇನ್ನೊಂದು ಮಾತು. ನಾಣ್ಯ ಪೆಟ್ಟಿಗೆಯಲ್ಲಿ ಸಿಗದೆ ಬಾವಿ ತೆಗೆಯುವಾಗಲೋ ತೋಟದಲ್ಲಿ ಗುಂಡಿ ಹೊಡೆಯುವಾಗಲೋ ಮಣ್ಣಲ್ಲಿ ಸಿಕ್ಕಿದ್ದರೆ ಈ ಬರಹ ನಿಮಗಲ್ಲ. ಅದು ನಿಧಿ. ಜಿಲ್ಲಾಧಿಕಾರಿಗೆ ತಿಳಿಸಬೇಕು. ಮುಚ್ಚಿಟ್ಟು ಮಾರಿದರೆ ಕೇಸಾಗುತ್ತದೆ.

ಗಂಟು ಬಿಚ್ಚಿ ಬೇರೆ ಮಾಡುವುದು

ಬಿಚ್ಚಿದ ಕೂಡಲೇ ತೊಳೆಯಬೇಡಿ. ನಮ್ಮ ಕಡೆ ದೀಪಾವಳಿ ಲಕ್ಷ್ಮೀಪೂಜೆಗೆ ಬೆಳ್ಳಿ ರೂಪಾಯಿಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಹೊಳೆಸುತ್ತಾರೆ. ಎಷ್ಟು ವಿಕ್ಟೋರಿಯಾ ರಾಣಿಯರ ಮೂಗು ಹೀಗೆ ಸವೆದಿದೆಯೋ ಲೆಕ್ಕ ಇಲ್ಲ. ಸಂಗ್ರಹಕಾರ ಆ ಕಪ್ಪು ಛಾಯೆಗೇ ದುಡ್ಡು ಕೊಡುವುದು. ತಿಕ್ಕಿದ ನಾಣ್ಯವನ್ನು ದೂರದಿಂದ ನೋಡಿದರೂ ಗುರುತು ಹಿಡಿಯುತ್ತಾನೆ.

ಬೆಳ್ಳಿ ರೂಪಾಯಿಯಲ್ಲಿ ಮುಖ್ಯವಾಗಿ ಎರಡು ಕಾಲ. 1939ರವರೆಗಿನ ಬ್ರಿಟಿಷ್ ರೂಪಾಯಿ 11.66 ಗ್ರಾಂ ತೂಗುತ್ತದೆ, ಅದರಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ. ಅಂದರೆ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ. 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರ ರೂಪಾಯಿ ಬರೀ ನಿಕ್ಕಲ್. ಹಾಗಾಗಿ ಮೂರು ಗುಂಪು ಮಾಡಿ, ಇಸವಿ ಬರೆದಿಡಿ. 1862 ಅಂತ ಬರೆದ ರೂಪಾಯಿ ಜಾಸ್ತಿ ಸಿಗುತ್ತದೆ. ಅದೇ ಇಸವಿ ಇಟ್ಟುಕೊಂಡು 1874ರವರೆಗೂ ಟಂಕಿಸಿದ್ದರು, ಚುಕ್ಕಿಗಳನ್ನು ಎಣಿಸಿ ವರ್ಷ ಹೇಳುವವರಿದ್ದಾರೆ. ಐದನೇ ಜಾರ್ಜ್‌ನ 1911ರ ರೂಪಾಯಿ ಸಿಕ್ಕರೆ ಪಕ್ಕಕ್ಕಿಡಿ. ಅದರಲ್ಲಿ ರಾಜನ ಮೇಲಂಗಿಯ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತದೆ ಅಂತ ಗಲಾಟೆಯಾಗಿ ವಾಪಸ್ ತೆಗೆದುಕೊಂಡರು. 1939ರದು ಸಿಕ್ಕರೆ ಖುಷಿಪಡಿ, ಆಮೇಲೆ ಅನುಮಾನಪಡಿ. ತುಂಬಾ ಅಪರೂಪದ್ದು ಆಗಿರೋದರಿಂದಲೇ ಅದರ ನಕಲಿ ಎಲ್ಲ ಕಡೆ ಇದೆ.

ಚಿನ್ನದ ವರಹ ಸಿಗುವುದು ಕಡಿಮೆ. ಸಿಕ್ಕರೆ ನಮ್ಮ ಶಿವಮೊಗ್ಗ ಜಿಲ್ಲೆಯದೇ ಇರಬಹುದು. ಕೆಳದಿಯ ನಾಯಕರ ವರಹದಲ್ಲಿ ಒಂದು ಕಡೆ ಕೂತ ಶಿವ ಪಾರ್ವತಿ, ಇನ್ನೊಂದು ಕಡೆ ನಾಗರಿಯಲ್ಲಿ ಶ್ರೀ ಸದಾಶಿವ ಅಂತ ಬರಹ. ತೂಕ ಸುಮಾರು 3.4 ಗ್ರಾಂ. 1763ರಲ್ಲಿ ಬಿದನೂರು ಹಿಡಿದ ಹೈದರಲಿ ಅದೇ ಶಿವ ಪಾರ್ವತಿಯನ್ನು ಹಾಗೇ ಉಳಿಸಿಕೊಂಡು, ಹಿಂದೆ ತನ್ನ ಹೆಸರಿನ ಮೊದಲ ಅಕ್ಷರವನ್ನು ಪಾರಸಿಯಲ್ಲಿ ಹಾಕಿಸಿದ. ಜನ ನಂಬಿದ ನಾಣ್ಯ ಬದಲಿಸಿದರೆ ವ್ಯಾಪಾರ ಕೆಡುತ್ತದೆ ಅಂತ ಅವನಿಗೆ ಗೊತ್ತಿತ್ತು ಅಂತ ನನ್ನ ಊಹೆ. ಇವು ಮಲೆನಾಡಿನ ಮನೆಗಳಲ್ಲಿ ಹೆಚ್ಚಾಗಿ ಕಾಸಿನ ಸರದಿಂದ ಬಿಚ್ಚಿದ ಬಿಡಿ ಕಾಸಾಗಿ ಸಿಗುತ್ತವೆ. ಕೊಂಡಿ ಬೆಸೆದ ಗುರುತಿದ್ದರೆ, ತೂತಿದ್ದರೆ ಸಂಗ್ರಹದ ಬೆಲೆ ಬಹಳ ಇಳಿಯುತ್ತದೆ, ಚಿನ್ನದ ಬೆಲೆ ಎಲ್ಲಿಗೂ ಹೋಗುವುದಿಲ್ಲ. ಚಿನ್ನದಲ್ಲೇ ಹೊಸದಾಗಿ ಹೊಡೆದ ನಕಲಿಯೂ ಇರುತ್ತದೆ. ಚಿನ್ನ ಅಸಲಿ, ನಾಣ್ಯ ನಕಲಿ.

ತಾಮ್ರದ ಕಾಸನ್ನು ಯಾರೂ ಗೌರವದಿಂದ ನೋಡುವುದಿಲ್ಲ, ಕಪ್ಪಗೆ ಕಿಲುಬು ಹಿಡಿದಿರುತ್ತದೆ. ಆದರೆ ನಿಜವಾದ ಆಶ್ಚರ್ಯ ಇರುವುದು ಅಲ್ಲೇ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕಾಸಿನ ಮೇಲೆ ಕನ್ನಡದಲ್ಲಿ ಮಯಿಲಿ ಕಾಸು ಅಂತ ಓದಬಹುದು. ಟಿಪ್ಪುವಿನ ಆನೆ ಕಾಸು ಹಲವು ಟಂಕಸಾಲೆಗಳಲ್ಲಿ ಆದವು. ಹೆಚ್ಚು ಸಿಗುವುದು ಪಟ್ಟಣ ಅಂದರೆ ಶ್ರೀರಂಗಪಟ್ಟಣದ್ದು. ಆದರೆ ನಗರದ ಟಂಕಸಾಲೆಯದೂ ಇದೆ. ಹೌದು, ನಮ್ಮ ಹೊಸನಗರದ ಪಕ್ಕದ ನಗರವೇ, ಹಳೇ ಬಿದನೂರು. ಆನೆಯ ಹಿಂಬದಿಯ ಪಾರಸಿ ಬರಹ ಓದಲು ಬರುವವರ ಹತ್ತಿರ ತೋರಿಸಿ.

ನಾನು ತೋರಿಸದೆ ಕೆಟ್ಟವನು. ಇಪ್ಪತ್ತು ವರ್ಷದ ಹಿಂದೆ ಮನೆಮನೆ ತಿರುಗಿ ಹಳೇ ಸಾಮಾನು ಕೊಳ್ಳುವ ಒಬ್ಬನಿಗೆ ಒಂದು ಡಬ್ಬಿ ತಾಮ್ರದ ಕಾಸು ಸಗಟು ಕೊಟ್ಟೆ. 300 ರೂಪಾಯಿ ಕೊಟ್ಟ, ನಾನು ಗೆದ್ದೆ ಅಂದುಕೊಂಡೆ. ಎರಡು ವರ್ಷದ ಮೇಲೆ ಸಂಗ್ರಹಕಾರ ಗೆಳೆಯರೊಬ್ಬರ ಆಲ್ಬಮ್ಮಿನಲ್ಲಿ ಅಂಚು ಜಜ್ಜಿದ ಒಂದು ಆನೆ ಕಾಸು ಕಂಡಿತು. ಆ ಜಜ್ಜು ನಾನು ಚಿಕ್ಕವನಿದ್ದಾಗ ಒರಳುಕಲ್ಲಿನ ಮೇಲೆ ಕುಟ್ಟಿ ಮಾಡಿದ್ದು. ನಗರದ್ದಂತೆ. ಡಬ್ಬಿಗೆ ನನಗೆ ಸಿಕ್ಕಿದ್ದರ ಹತ್ತು ಪಟ್ಟು ಆ ಒಂದಕ್ಕೇ ಕೊಟ್ಟಿದ್ದರು.

ಇನ್ನು ನೋಟು. ನೋಟಿಗೆ ತೂಕ ಇಲ್ಲ, ಲೋಹ ಇಲ್ಲ. ಬೆಲೆ ಎಲ್ಲಾ ಸ್ಥಿತಿ, ಸಹಿ, ಸಾಲು ಸಂಖ್ಯೆಯ ಮೇಲೆ. ಒಂದು ರೂಪಾಯಿ ನೋಟು ಬಂದಿದ್ದು 1917ರಲ್ಲಿ, ಯುದ್ಧದಿಂದ ಬೆಳ್ಳಿಗೆ ಬರ ಬಂದಾಗ. ಮುಂದಿನ ವರ್ಷ ಎರಡೂವರೆ ರೂಪಾಯಿ ನೋಟು ಬಂತು, ಅದನ್ನು 1926ರಲ್ಲಿ ನಿಲ್ಲಿಸಿದರು. ಅದು ಪೆಟ್ಟಿಗೆಯಲ್ಲಿ ಸಿಕ್ಕರೆ ಮನೆಯವರನ್ನೆಲ್ಲ ಕರೆದು ಕೂರಿಸಿ. ರಿಸರ್ವ್ ಬ್ಯಾಂಕಿನ ಮೊದಲ ನೋಟು 1938ರ ಐದು ರೂಪಾಯಿ, ಆರನೇ ಜಾರ್ಜ್ ಚಿತ್ರದ್ದು. ಬ್ರಿಟಿಷರ ನೋಟಿನಲ್ಲೂ ಕನ್ನಡದಲ್ಲಿ ಬೆಲೆ ಬರೆದಿರುವುದು ನೋಡಿದರೆ ಈಗಲೂ ನನಗೆ ಒಂಥರಾ ಖುಷಿ. ಆಗ ನೋಟಿನ ಕಟ್ಟಿಗೆ ಪಿನ್ ಚುಚ್ಚುತ್ತಿದ್ದರು. ಎಡಗಡೆ ಸಣ್ಣ ತೂತಿದ್ದರೆ ಹೆದರಬೇಡಿ, ಅದು ಮಾಮೂಲು. ಹೆದರಬೇಕಾದ್ದು ಮಡಿಕೆ ಹರಿದಿದ್ದರೆ, ಬೂಷ್ಟು ಹಿಡಿದಿದ್ದರೆ. ದಯವಿಟ್ಟು ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಲ್ಯಾಮಿನೇಟ್ ಮಾಡಿದ ನೋಟು ಸತ್ತ ಹಾಗೆ.

2016ರಲ್ಲಿ ರದ್ದಾದ 500, 1000ದ ನೋಟು ಕಟ್ಟು ಸಿಕ್ಕರೆ ಅದನ್ನು ಸಂಗ್ರಹ ಅಂತ ಕರೆಯಬೇಡಿ. 2017ರ ಕಾಯ್ದೆ ಪ್ರಕಾರ ಒಟ್ಟು 10ಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಅಧ್ಯಯನಕ್ಕೆ, ಸಂಗ್ರಹಕ್ಕೆ ಅಂತಾದರೆ 25. ಮೀರಿದರೆ ದಂಡ.

ದೇವರ ಚಿತ್ರ ಇರುವ, 1818 ಅಂತ ಬರೆದ, ಈಸ್ಟ್ ಇಂಡಿಯಾ ಕಂಪನಿಯ ಹೆಸರಿನ ದಪ್ಪ ಬಿಲ್ಲೆಗಳನ್ನು ಮಕ್ಕಳಿಗೆ ಆಟಕ್ಕೆ ಕೊಡಿ. ಕಂಪನಿ ಅಂಥದ್ದನ್ನು ಟಂಕಿಸಿಲ್ಲ. ಜಾತ್ರೆಯಲ್ಲಿ ಸಿಗುವ ಸಾಮಾನು ಅದು.

ಚಿನ್ನದಂಗಡಿ

ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಸವೆದ, ತಿಕ್ಕಿದ, ಸಾಮಾನ್ಯ ಇಸವಿಯ ಬೆಳ್ಳಿ ರೂಪಾಯಿಗೆ ಇದು ಕೆಟ್ಟ ದಾರಿ ಏನಲ್ಲ. ಅವಕ್ಕೆ ಹರಾಜಿನಲ್ಲೂ ಬೆಳ್ಳಿಯ ಬೆಲೆಗಿಂತ ಹೆಚ್ಚೇನೂ ಬರುವುದಿಲ್ಲ. ಮನೆಯಲ್ಲೇ ತೂಕ ಮಾಡಿಕೊಂಡು, ಆ ದಿನದ ದರ ನೋಡಿಕೊಂಡು, ಎರಡು ಅಂಗಡಿ ಕೇಳಿ. ಕರಗಿಸುವಾಗ ಕಳೆಯುವ ತೂಕ ಎಷ್ಟು ಹಿಡಿಯುತ್ತಾರೆ ಅಂತ ಮೊದಲೇ ಕೇಳಿ. ಕೊಂಡಿ ಬೆಸೆದ ಚಿನ್ನದ ಕಾಸು, ಸವೆದ ಪವನ್ (ಬ್ರಿಟಿಷ್ ಚಿನ್ನದ ನಾಣ್ಯ) ಕೂಡ ಇಲ್ಲಿಗೇ ಸರಿ. ಸರ ಕಾಣದ, ಬೆಸುಗೆ ಗುರುತಿಲ್ಲದ ವರಹವನ್ನು ಮಾತ್ರ ತಿಳಿದವರಿಗೆ ತೋರಿಸುವ ಮೊದಲು ಇಲ್ಲಿಗೆ ತರಬೇಡಿ. ಒಮ್ಮೆ ಕರಗಿದರೆ ಕೆಳದಿಯೂ ಇಲ್ಲ, ಇಕ್ಕೇರಿಯೂ ಇಲ್ಲ. ನೋಟಿಗೆ, ತಾಮ್ರಕ್ಕೆ ಇಲ್ಲಿ ಕೆಲಸವೇ ಇಲ್ಲ.

ವ್ಯಾಪಾರಿ, ಸಂಗ್ರಹಕಾರ

ನಾಣ್ಯದ ವ್ಯಾಪಾರಿ ದುಡ್ಡು ಕೈಯಲ್ಲೇ ಕೊಡುತ್ತಾನೆ. ಅವನು ತನ್ನ ಲಾಭ ಇಟ್ಟುಕೊಂಡೇ ಕೊಡುವುದು, ಅದರಲ್ಲಿ ತಪ್ಪಿಲ್ಲ, ಅಂಗಡಿ ಬಾಡಿಗೆ ಅವನೂ ಕಟ್ಟಬೇಕು. ಮಧ್ಯಮ ದರ್ಜೆಯ ವಸ್ತುಗಳಿಗೆ, ಅಂದರೆ ಲೋಹಕ್ಕಿಂತ ಜಾಸ್ತಿ ಬೆಲೆ ಇದ್ದು ಹರಾಜಿನ ಕ್ಯಾಟಲಾಗಿನಲ್ಲಿ ಫೋಟೊ ಹಾಕಿಸುವಷ್ಟಿಲ್ಲದ್ದಕ್ಕೆ, ಇದೇ ಸರಿ. ಬೆಂಗಳೂರಿನಲ್ಲಿ ನಾಣ್ಯ ಪ್ರದರ್ಶನ ನಡೆದಾಗ ಹೋದರೆ ಒಂದೇ ಸೂರಿನಡಿ ಹತ್ತಾರು ಜನ ಸಿಗುತ್ತಾರೆ. ಒಂದು ಟೇಬಲಿನಲ್ಲಿ ಕೇಳಿದ ಬೆಲೆಯನ್ನು ಮುಂದಿನ ಟೇಬಲಿನಲ್ಲಿ ಹೇಳಬೇಡಿ, ಸುಮ್ನೆ ಕೇಳಿಸಿಕೊಳ್ಳಿ. ಮಧ್ಯಾಹ್ನದ ಹೊತ್ತಿಗೆ ನಿಮ್ಮ ಕಾಸಿನ ಬೆಲೆ ನಿಮಗೇ ಗೊತ್ತಾಗುತ್ತದೆ.

ಇಡೀ ಗಂಟನ್ನು ಒಟ್ಟಿಗೆ ಕೊಡಿ, ಒಳ್ಳೇ ರೇಟ್ ಹಾಕುತ್ತೇನೆ ಅಂದರೆ ಅದು ಚೇಣಿ. ಅವನ ಕಣ್ಣು ಗಂಟಿನಲ್ಲಿರುವ ಒಂದೋ ಎರಡೋ ಕಾಸಿನ ಮೇಲಿರುತ್ತದೆ. ಒಂದೊಂದಕ್ಕೂ ಬೇರೆ ಬೇರೆ ಬೆಲೆ ಹೇಳಿ ಅನ್ನಿ. ಯಾವುದಕ್ಕೆ ಬೆಲೆ ಹೇಳುವಾಗ ತಡವರಿಸುತ್ತಾನೋ ಅದನ್ನು ಜೇಬಿಗೆ ಹಾಕಿಕೊಂಡು ಬನ್ನಿ.

ಆನ್‌ಲೈನ್

ಹೊಸನಗರದ ಅಕ್ಕನ ಮಗ ನೋಡಿದ್ದು ಯಾವ ವಿಡಿಯೊ ಅಂತ ನನಗೆ ನೋಡದೆಯೂ ಗೊತ್ತು. ವೈಷ್ಣೋದೇವಿಯ ಹತ್ತು ರೂಪಾಯಿ, ಟ್ರ್ಯಾಕ್ಟರಿನ ಐದು ರೂಪಾಯಿ ನೋಟು, 786 ಸಂಖ್ಯೆ, ಲಕ್ಷ ಲಕ್ಷ. ಫೋನ್ ಮಾಡಿದರೆ ಮೊದಲು ನೋಂದಣಿ ಶುಲ್ಕ, ಆಮೇಲೆ ತೆರಿಗೆ, ಆಮೇಲೆ ರಿಸರ್ವ್ ಬ್ಯಾಂಕಿನ ಅನುಮತಿ ಪತ್ರಕ್ಕೆ ದುಡ್ಡು. ತನ್ನ ಹೆಸರಿನಲ್ಲಿ ಹೀಗೆ ವಸೂಲಿ ನಡೆಯುತ್ತಿದೆ, ತಾನು ಇಂಥ ವ್ಯವಹಾರ ಮಾಡುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು. ಕೊಳ್ಳುವವನು ನಿಮಗೆ ದುಡ್ಡು ಕೊಡಬೇಕಲ್ವಾ? ನಿಮ್ಮಿಂದಲೇ ಮೊದಲು ಕೇಳಿದರೆ ಫೋನ್ ಇಡಿ. ಕೊಟ್ಟುಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಸಂಗ್ರಹಕಾರರ ಗುಂಪುಗಳಲ್ಲಿ ನೇರವಾಗಿ ಮಾರುವುದು ಬೇರೆ ವಿಷಯ. ಫೋಟೊ ಚೆನ್ನಾಗಿ ತೆಗೆಯಲು ಬಂದರೆ, ದಿನಾ ನೂರು ಪ್ರಶ್ನೆಗೆ ಉತ್ತರ ಕೊಡುವ ತಾಳ್ಮೆ ಇದ್ದರೆ ವ್ಯಾಪಾರಿಯ ಲಾಭದ ಒಂದು ಪಾಲು ನಿಮಗೆ ಉಳಿಯುತ್ತದೆ. ಹೊರದೇಶದವರಿಗೆ ಮಾತ್ರ ಕಳಿಸಲು ಹೋಗಬೇಡಿ. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಬರುತ್ತದೆ, ದೇಶದಾಚೆ ಕಳಿಸುವಂತಿಲ್ಲ. ಐದನೇ ಜಾರ್ಜ್‌ನ ರೂಪಾಯಿಗಳೂ ಆ ಗೆರೆ ದಾಟಿವೆ.

ಹರಾಜು

ಹರಾಜು ಮನೆಗಳು ಮುಂಬೈ, ಬೆಂಗಳೂರು, ಅಹಮದಾಬಾದ್‌ಗಳಲ್ಲಿವೆ. ನಮಗೆ ಹತ್ತಿರ ಬೆಂಗಳೂರು. ಬೆಳಗಿನ ಜನಶತಾಬ್ದಿ ಹತ್ತಿದರೆ ಮಧ್ಯಾಹ್ನದೊಳಗೆ ತೋರಿಸಿ ಸಂಜೆ ವಾಪಸ್ ಬರಬಹುದು. ಅಂಚೆಯಲ್ಲಿ ಕಳಿಸುವುದಾದರೆ ನಾಣ್ಯ, ಚಿನ್ನಕ್ಕೆ ಇನ್ಶೂರೆನ್ಸ್ ಮಾಡಿಸಲೇಬೇಕು. ನಾನಂತೂ ಕೈಯಲ್ಲೇ ಒಯ್ಯುತ್ತೇನೆ. ಕೊಡುವಾಗ ಪ್ರತಿ ನಾಣ್ಯದ ಎರಡೂ ಬದಿಯ ಫೋಟೊ, ತೂಕ ಬರೆದ ರಸೀದಿ ಪಡೆಯಿರಿ. ಇಷ್ಟಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಅನ್ನುವ ಕನಿಷ್ಠ ಬೆಲೆ ಬರೆಸಿ. ಮಾರಾಟವಾಗದಿದ್ದರೆ ಶುಲ್ಕ ಇದೆಯಾ, ದುಡ್ಡು ಎಷ್ಟು ದಿನಕ್ಕೆ ಕೈಗೆ ಬರುತ್ತದೆ, ಅದನ್ನೂ ಬರಹದಲ್ಲೇ ಕೇಳಿ. ಕ್ಯಾಟಲಾಗ್ ಅಚ್ಚಾಗಿ, ಹರಾಜಾಗಿ, ದುಡ್ಡು ಬರುವ ಹೊತ್ತಿಗೆ ತಿಂಗಳುಗಳೇ ಆಗುತ್ತವೆ. ಮಗಳ ಫೀಸು ಕಟ್ಟಲು ಇದನ್ನು ನಂಬಬೇಡಿ.

ಲೆಕ್ಕ ಹಾಕಿ ನೋಡಿ. ಒಂದು ನಾಣ್ಯ ಹರಾಜಿನಲ್ಲಿ 20,000ಕ್ಕೆ ಹೋಗುತ್ತದೆ ಅಂದುಕೊಳ್ಳೋಣ. ಕಮಿಷನ್ ನೂರಕ್ಕೆ ಹತ್ತು ಹಿಡಿದರೆ 18,000. ಓಡಾಟ, ಊಟ 2,000 ಕಳೆದರೆ 16,000. ವ್ಯಾಪಾರಿ ಅದಕ್ಕೆ ಇವತ್ತೇ 13,000 ಕೊಟ್ಟರೆ, 3,000ಕ್ಕೆ ತಿಂಗಳುಗಟ್ಟಲೆ ಕಾಯುತ್ತೀರಾ ಅನ್ನುವುದು ಪ್ರಶ್ನೆ. ಅದೇ 4,000ದ ನಾಣ್ಯವಾದರೆ ಹರಾಜಿನಿಂದ ಕೈಗೆ ಬರುವುದು 1,600. ವ್ಯಾಪಾರಿಯ 2,600 ಮೇಲು. ಐದಾರು ಒಳ್ಳೇ ನಾಣ್ಯ ಒಟ್ಟಿಗೆ ಒಯ್ದರೆ ಓಡಾಟದ ಖರ್ಚು ಹಂಚಿಹೋಗುತ್ತದೆ, ಆಗ ಮಾತು ಬೇರೆ.

ಆದರೂ ಎರಡು ಸಂದರ್ಭದಲ್ಲಿ ನಾನು ಹರಾಜನ್ನೇ ಹೇಳುತ್ತೇನೆ. ಒಂದು, ವಸ್ತು ನಿಜವಾಗಿ ಅಪರೂಪದ್ದಾಗಿದ್ದರೆ. ಅದರ ಬೆಲೆ ಒಬ್ಬ ವ್ಯಾಪಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ, ಇಬ್ಬರು ಹಟಮಾರಿ ಸಂಗ್ರಹಕಾರರು ಎದುರುಬದುರು ಕೂತಾಗಲೇ ಗೊತ್ತಾಗುವುದು. ಎರಡು, ಪಾಲುದಾರರು ಜಾಸ್ತಿ ಇದ್ದರೆ. ಹರಾಜಿನ ಬೆಲೆ ಎಲ್ಲರಿಗೂ ಕಾಣುತ್ತದೆ, ಬಿಲ್ಲು ಕೈಗೆ ಬರುತ್ತದೆ, ಊಟದ ಮನೆಯಲ್ಲಿ ಮಾತು ಬೆಳೆಯುವುದಿಲ್ಲ. ಹರಾಜು ಮನೆಗಳು ಹಿಂದಿನ ಹರಾಜುಗಳ ಬೆಲೆಯನ್ನು ತಮ್ಮ ತಾಣಗಳಲ್ಲಿ ಹಾಕಿರುತ್ತವೆ. ನಿಮ್ಮ ನಾಣ್ಯದಂಥದ್ದೇ, ಅಷ್ಟೇ ಸವೆದದ್ದು ಎಷ್ಟಕ್ಕೆ ಹೋಗಿದೆ ಅಂತ ನೋಡಿ. ಅಂಗಡಿಯವರು ಕೇಳುವ ಬೆಲೆ ನೋಡಬೇಡಿ, ಕೊನೆಗೆ ಮಾರಿದ ಬೆಲೆ ನೋಡಿ.

ದರ್ಜೆ ನಿಗದಿ ಮಾಡಿಸಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೀಲು ಹಾಕಿಸುವ ವ್ಯವಸ್ಥೆಯೂ ಇದೆ. ಹೊಸ ನೋಟಿನಷ್ಟೇ ಗರಿಗರಿಯಾದ ಹಳೇ ನೋಟಿಗೆ, ನಕಲಿ ಭಯ ಇರುವ ದುಬಾರಿ ನಾಣ್ಯಕ್ಕೆ ಅದು ಲಾಭ. ಸವೆದ ರೂಪಾಯಿಗೆ ಮಾಡಿಸಿದರೆ ಸೀಲಿನ ಖರ್ಚೇ ನಾಣ್ಯಕ್ಕಿಂತ ಜಾಸ್ತಿ.

ಮಾರದೆ ಇಡುವುದಾದರೆ

ಮಲೆನಾಡಿನಲ್ಲಿ ನಾಣ್ಯದ ಶತ್ರು ಕಳ್ಳ ಅಲ್ಲ, ಮಳೆ. ತೀರ್ಥಹಳ್ಳಿ, ಆಗುಂಬೆ ಕಡೆ ಆಷಾಢದಲ್ಲಿ ಪುಸ್ತಕಕ್ಕೇ ಬೂಷ್ಟು ಬರುತ್ತದೆ, ನೋಟು ಯಾವ ಲೆಕ್ಕ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಮಳೆಗಾಲದಲ್ಲಿ ಎರಡು ಸಲ ಬದಲಿಸಬೇಕು. ಅಗ್ಗದ ಮೆತ್ತನೆ ಪಿವಿಸಿ ಕವರಿನಲ್ಲಿ ಇಟ್ಟರೆ ನಾಣ್ಯದ ಮೇಲೆ ಹಸಿರು ಅಂಟು ಬರುತ್ತದೆ. ಬ್ಯಾಂಕ್ ಲಾಕರ್ ಒಳ್ಳೆಯದೇ, ಆದರೆ ಅಲ್ಲೂ ತೇವ ಇರುತ್ತದೆ. ಕೊಡುವ ಮನಸ್ಸಿದ್ದರೆ ಕುವೆಂಪು ವಿಶ್ವವಿದ್ಯಾಲಯ ನೋಡಿಕೊಳ್ಳುವ ಕೆಳದಿಯ ವಸ್ತುಸಂಗ್ರಹಾಲಯ ಇದೆ, ಶಿವಮೊಗ್ಗದ ಶಿವಪ್ಪನಾಯಕ ಅರಮನೆಯಲ್ಲೂ ಒಂದಿದೆ. ಮಾರುವವರೂ ಒಮ್ಮೆ ಇಂಥಲ್ಲಿ ಹೋಗಿ ಅಸಲಿ ವಸ್ತು ನೋಡಿ ಕಣ್ಣು ಪಳಗಿಸಿಕೊಂಡು ಬಂದರೆ ಒಳ್ಳೆಯದು.

ಹೊಸನಗರದ ಅಕ್ಕ ಕೊನೆಗೆ ಗಂಟನ್ನು ನಾಲ್ಕು ಭಾಗ ಮಾಡಿದರು. ಸವೆದ 29 ರೂಪಾಯಿ ಚಿನ್ನದಂಗಡಿಗೆ ಹೋದವು, ದುಡ್ಡನ್ನು ಮೈದುನನ ಎದುರೇ ಎಣಿಸಿದರು. ಸ್ವಲ್ಪ ಚೆನ್ನಾಗಿದ್ದ ಎರಡು ರೂಪಾಯಿ ಮತ್ತು ನೋಟುಗಳನ್ನು ಒಬ್ಬ ವ್ಯಾಪಾರಿ ತೆಗೆದುಕೊಂಡ. ನೋಟು ನಾಲ್ಕೂ ಮಡಿಕೆಯಲ್ಲಿ ಹರಿದಿದ್ದವು, ಹೆಚ್ಚೇನೂ ಬರಲಿಲ್ಲ. ತಾಮ್ರದಲ್ಲಿ ಮೂರು ಕಾಸು ಬೆಂಗಳೂರಿಗೆ ಹೋಗಿವೆ, ಹರಾಜು ಇನ್ನೂ ಆಗಿಲ್ಲ. ಉಳಿದ ಐದು ರೂಪಾಯಿ ದೇವರ ಪೆಟ್ಟಿಗೆಯಲ್ಲೇ ಇವೆ. ಅವನ್ನಾದರೂ ತಿಕ್ಕಬೇಡಿ ಅಂದೆ. "ಲಕ್ಷ್ಮೀಪೂಜೆ ದಿನ ಹುಣಸೆಹಣ್ಣು ಹಾಕದೆ ಹೆಂಗೆ ಇಡೋದು?" ಅಂದರು.